ಅರಗಿನ ಮನೆಯೂ ಅರಗಿನ ಕಿರೀಟವೂ

೨೦೦೭ರಲ್ಲಿ ಒಂದು ಜಿಲ್ಲೆಯಾಗಿ ಕೂಡಿದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳಲ್ಲಿ ನಾಟಕವೆಂಬುದು ಪಟ್ಟಣಿಗರ ವಿಲಾಸವಲ್ಲ. ಅದು ಹಳ್ಳಿಯ ಹಬ್ಬದ ಒಂದು ಅಂಗ. ಸುಗ್ಗಿ ಮುಗಿದು ಜಾತ್ರೆಗಳು ಮೊದಲಾದುವೆಂದರೆ ಒಂದಲ್ಲ ಒಂದು ಊರಿನಲ್ಲಿ ಕುರುಕ್ಷೇತ್ರವೋ ರಾಮಾಯಣದ ಯಾವುದಾದರೊಂದು ಪ್ರಸಂಗವೋ ಬೆಳಗಿನ ಜಾವದವರೆಗೆ ನಡೆಯುವುದುಂಟು. ಹಗಲಲ್ಲಿ ಉಳುವವನು, ಅಂಗಡಿಯಿಟ್ಟವನು, ಪಾಠ ಹೇಳುವವನು ರಾತ್ರಿ ದುರ್ಯೋಧನನೋ ಕರ್ಣನೋ ಆಗಿ ಹಾರ್ಮೋನಿಯಮ್ಮಿನ ಶ್ರುತಿಗೆ ದನಿಗೂಡಿಸುತ್ತಾನೆ. ಆದರೆ ಅವನ ತಲೆಯ ಕಿರೀಟ, ತೋಳಿನ ಭುಜಕೀರ್ತಿ, ಕೈಯ ಗದೆ, ಬೆನ್ನ ಹಿಂದಣ ಪರದೆ, ಇವು ಬಹುಮಟ್ಟಿಗೆ ಬಾಡಿಗೆಯವು. ಸಂಜೆ ಲಾರಿಯಲ್ಲಿ ಬಂದು ಬೆಳಗಾದ ಮೇಲೆ ಲಾರಿಯಲ್ಲಿಯೇ ಹಿಂದಿರುಗತಕ್ಕವು. ಊರಿನ ಮಕ್ಕಳು ಅವನ್ನು ಕಣ್ತುಂಬ ನೋಡುತ್ತಾರೆ. ಅವು ಹೇಗಾದುವೆಂಬುದನ್ನು ಮಾತ್ರ ಅರಿಯರು.

ಈ ರಂಗಪರಿಕರಗಳನ್ನು ಮಾಡುವ ಕೆಲಸವನ್ನು ಪ್ರೌಢಶಾಲೆಯ ಮಕ್ಕಳಿಗೆ, ಎಂದರೆ ೧೩ರಿಂದ ೧೭ ವರ್ಷದೊಳಗಿನ ಹುಡುಗ ಹುಡುಗಿಯರಿಗೆ, ಕೈಯಾರೆ ಕಲಿಸಬೇಕೆಂದು ಹೇಳುವವರುಂಟು. ಇದಕ್ಕೆ ಬರುವ ಆಕ್ಷೇಪಗಳು ಎರಡು. ಪರೀಕ್ಷೆಯ ಕಾಲದಲ್ಲಿ ಕಾಗದ ಬಿದಿರುಗಳೊಡನೆ ಕುಳಿತರೆ ಕಾಲಹರಣವೆಂಬುದು ಮೊದಲನೆಯದು. ಎರಡನೆಯದು ಇದಕ್ಕಿಂತ ಆಳವಾದುದು. ಅದು ಧರ್ಮವನ್ನು ಕುರಿತದ್ದು. ಆದುದರಿಂದ ಅದನ್ನೇ ಮೊದಲು ವಿಚಾರಿಸುವುದು ಯುಕ್ತ.

ಆ ಪೂರ್ವಪಕ್ಷವು ಹೀಗಿದೆ. ಬೆಳಗಿನ ಪಾಠದಲ್ಲಿ ಸತ್ಯವನ್ನೇ ನುಡಿಯಬೇಕೆಂದು ಕಲಿಸಿದ ಶಾಲೆಯು ಮಧ್ಯಾಹ್ನ ತಗಡನ್ನು ಚಿನ್ನವೆಂದು, ಗಾಜನ್ನು ರತ್ನವೆಂದು, ಹುಲ್ಲು ತುಂಬಿದ ಬಟ್ಟೆಯನ್ನು ಭೀಮನ ಗದೆಯೆಂದು ತೋರಿಸುವ ಉಪಾಯವನ್ನು ಕಲಿಸಬಹುದೆ? ಹದಿಹರೆಯವೆಂದರೆ ತೋರಿಕೆಗೆ ಬೇಗನೆ ಸೋಲುವ ವಯಸ್ಸು. ಇರುವುದಕ್ಕಿಂತ ಹೆಚ್ಚಾಗಿ ಕಾಣಬೇಕೆಂಬ ಚಪಲ ಆಗಲೇ ಮೊಳೆಯುತ್ತದೆ. ಇದರ ಮೇಲೆ, ಯಾರ ಮುಖವನ್ನಾದರೂ ಯಾರ ದನಿಯನ್ನಾದರೂ ಯಂತ್ರವು ಗಳಿಗೆಯಲ್ಲಿ ನಕಲುಮಾಡಿ ಲೋಕಕ್ಕೆಲ್ಲ ಹಂಚುವ ಕಾಲವಿದು. ನಕಲು ಇಷ್ಟು ಸುಲಭವಾಗಿರುವಾಗ ಶಾಲೆಯೂ ನಕಲಿನ ವಿದ್ಯೆಯನ್ನು ಕಲಿಸಹೊರಟರೆ, ಮಕ್ಕಳಿಗೆ ನಿಜದ ಮೇಲೆ ಗೌರವ ಉಳಿಯುವುದು ಹೇಗೆ?

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದಕ್ಕೆ ಉತ್ತರವನ್ನು ಮೊದಲು ಭರತನ ನಾಟ್ಯಶಾಸ್ತ್ರದಲ್ಲಿ ಹುಡುಕುವುದು ಒಳ್ಳೆಯದು. ಆಂಗಿಕ, ವಾಚಿಕ, ಸಾತ್ತ್ವಿಕಗಳ ಜೊತೆಗೆ ಆಹಾರ್ಯವೆಂಬುದನ್ನೂ ಭರತನು ಅಭಿನಯವೆಂದೇ ಗಣಿಸಿದನು. ಪುಸ್ತ, ಅಲಂಕಾರ, ಅಂಗರಚನೆ, ಸಂಜೀವ ಎಂದು ಅದಕ್ಕೆ ನಾಲ್ಕು ಭಾಗಗಳು. ಇವುಗಳಲ್ಲಿ ಪುಸ್ತವೆಂಬುದೇ ಈಗ ಹೇಳುತ್ತಿರುವ ಪರಿಕರ ನಿರ್ಮಾಣ. ಚಾಪೆ, ಬಟ್ಟೆ, ತೊಗಲುಗಳನ್ನು ಸೇರಿಸಿ ಮಾಡಿದ್ದು, ಸೂತ್ರ ಯಂತ್ರಗಳಿಂದ ಆಡುವಂತೆ ಮಾಡಿದ್ದು, ಸುತ್ತಿ ರೂಪಕ್ಕೆ ತಂದದ್ದು ಎಂದು ಅದೂ ಮೂರು ಬಗೆ. ಭರತನು ಈ ಕೆಲಸಕ್ಕೆ ಹೇಳುವ ದ್ರವ್ಯಗಳನ್ನು ನೋಡಿದರೆ ಶಾಸ್ತ್ರದ ಹೃದಯವು ತಿಳಿಯುತ್ತದೆ: ಬಿದಿರು, ಮರ, ಬಟ್ಟೆ, ತೊಗಲು, ಮೇಣ, ಅಭ್ರಕ, ಅರಗು. ಕಬ್ಬಿಣದ ಆಯುಧ ಬೇಡ, ಭಾರವಾದ ಒಡವೆ ಬೇಡ. ಏಕೆಂದರೆ ಅವನ್ನು ಹೊತ್ತ ನಟನು ಬಳಲುತ್ತಾನೆ, ಮೂರ್ಛೆಹೋದರೂ ಹೋದಾನು. ಒಡವೆಯು ಅರಗಿನಿಂದ ತುಂಬಿದುದಾಗಿ, ಹರಳುಗಳು ಮಿತವಾಗಿ, ಹಗುರವಾಗಿದ್ದರೆ ಸಾಕೆಂಬುದು ಆತನ ಮತ. ಎಂದಮೇಲೆ ಹುಸಿ ಒಡವೆಯ ಮೊದಲನೆಯ ಉದ್ದೇಶವು ನೋಡುವವನ ಕಣ್ಣನ್ನು ವಂಚಿಸುವುದಲ್ಲ; ಹೊರುವವನ ಮೈಯನ್ನು ಕಾಯುವುದು. ವಂಚಕನ ಶಾಸ್ತ್ರದಲ್ಲಿ ಇಂತಹ ವಿಧಿಯು ಎಲ್ಲಿಯೂ ಇರಲಾರದು.

ಭರತನು ಹೇಳಿದ ಅರಗು ಮತ್ತು ಮರ ಇವೆರಡರಿಂದಲೇ ಹೆಸರು ಪಡೆದ ಊರು ಈ ಸೀಮೆಯಲ್ಲಿಯೇ ಇರುವುದು ವಿಚಾರಕ್ಕೆ ಬಹು ಅನುಕೂಲವಾಗಿದೆ. ಚನ್ನಪಟ್ಟಣದ ಕುಶಲಕರ್ಮಿಗಳು ಆಲೆಮರದ ತುಂಡನ್ನು ಒಣಗಿಸಿ ಹದಮಾಡಿ, ತಿರುಗುವ ಚರಕಿಗೆ ಸಿಕ್ಕಿಸಿ, ಉಳಿಯಿಂದ ಹೆರೆದು ರೂಪಕ್ಕೆ ತರುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಹತ್ತುತ್ತದೆ; ಆಮೇಲೆ ಕೇದಗೆಯ ಜಾತಿಯ ಗಿಡದ ಎಲೆಯಿಂದ ತಿಕ್ಕಿದರೆ ಹೊಳಪೇರುತ್ತದೆ. ಅರಿಸಿನ, ನೀಲಿ ಮೊದಲಾದ ಗಿಡಮೂಲದ ಬಣ್ಣಗಳನ್ನು ಬಳಸುವ ಪದ್ಧತಿಯೂ ಉಂಟು. ಟಿಪ್ಪು ಸುಲ್ತಾನನು ಪರ್ಷಿಯಾದಿಂದ ಕುಶಲಿಗಳನ್ನು ಕರೆಸಿದನೆಂದು ಹೇಳಿಕೆಯಿದೆ. ಈ ಕಸುಬನ್ನು ಬೆಳಸಿದವರೆಂದು ಬಾವಾಸ್ ಮಿಯಾನರ ಹೆಸರನ್ನು ಜನ ಇಂದಿಗೂ ನೆನೆಯುತ್ತಾರೆ. ಮುಸಲ್ಮಾನ ಮನೆತನಗಳು ಅನೇಕ ತಲೆಮಾರುಗಳಿಂದ ಇದರಲ್ಲಿ ನಿರತವಾಗಿವೆ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಚನ್ನಪಟ್ಟಣದ ಮರದ ಕುದುರೆಯು ಹುಲ್ಲು ತಿನ್ನುವುದಿಲ್ಲ, ಓಡುವುದಿಲ್ಲ. ಆದರೂ ಅದನ್ನು ಮಾಡಿದವನನ್ನು ಸುಳ್ಳುಗಾರನೆಂದು ಯಾರೂ ಕರೆಯರು. ಆದರೆ ೨೦೦೫–೦೬ನೆಯ ಸಾಲಿನಲ್ಲಿ ಈ ಬೊಂಬೆಗಳಿಗೆ ಭೌಗೋಳಿಕ ಸೂಚಿಯೆಂಬ ಕಾನೂನಿನ ರಕ್ಷಣೆಯು ದೊರೆಯಿತು. ಅಂದಿನಿಂದ, ಬೇರೆಲ್ಲಿಯೋ ಅಚ್ಚಿನಲ್ಲಿ ಎರಕಹೊಯ್ದ ಬೊಂಬೆಯನ್ನು ಚನ್ನಪಟ್ಟಣದ್ದೆಂದು ಹೆಸರಿಟ್ಟು ಮಾರಿದರೆ ಅದು ಅಪರಾಧ. ಎರಡೂ ಕುದುರೆಯ ನಕಲುಗಳೇ. ಒಂದು ನಿರ್ದೋಷವಾದುದು, ಇನ್ನೊಂದು ದೋಷವುಳ್ಳದ್ದು. ಹೀಗಿರಲು ದೋಷವು ನಕಲಿನಲ್ಲಿಲ್ಲ, ನಕಲನ್ನು ಕುರಿತು ಆಡಿದ ಮಾತಿನಲ್ಲಿದೆ ಎಂದಾಯಿತು. ಅಂತೆಯೇ, ಮಗುವು ಬಾಯಿಗಿಡುವ ಬೊಂಬೆಗೆ ವಿಷದ ಬಣ್ಣವನ್ನು ಬಳಿದು ನಿರಪಾಯವಾದುದೆಂದು ಹೇಳಿದವನೂ ಸುಳ್ಳುಗಾರನೇ ಸರಿ. ಅವನ ಸುಳ್ಳು ಕುದುರೆಯ ಆಕಾರದಲ್ಲಿಲ್ಲ, ಬಣ್ಣದ ಡಬ್ಬಿಯಲ್ಲಿದೆ.

ಇದನ್ನೇ ಹಿಂದಿನ ಆಲಂಕಾರಿಕರು ಬೇರೆ ದಾರಿಯಿಂದ ವಿವೇಚಿಸಿದರು. ಕಾಶ್ಮೀರದ ಶ್ರೀಶಂಕುಕನು ಚಿತ್ರತುರಗ ನ್ಯಾಯವೆಂಬುದನ್ನು ಹೇಳಿದನು. ಗೋಡೆಯ ಮೇಲೆ ಬರೆದ ಕುದುರೆಯನ್ನು ನೋಡಿ ಮಗುವು ಕುದುರೆಯೆನ್ನುತ್ತದೆ. ಇದು ಜೀವಂತವಾದ ಕುದುರೆಯನ್ನು ಅರಿತ ನಿಜವಾದ ಜ್ಞಾನವಲ್ಲ. ಹಗ್ಗವನ್ನು ಹಾವೆಂದು ತಿಳಿದ ಭ್ರಮೆಯೂ ಅಲ್ಲ. ಹೌದೋ ಅಲ್ಲವೋ ಎಂಬ ಸಂಶಯವೂ ಅಲ್ಲ. ಇದು ಕುದುರೆಯಂತಿದೆ ಎಂಬ ಬರಿಯ ಹೋಲಿಕೆಯೂ ಅಲ್ಲ. ಈ ನಾಲ್ಕಕ್ಕೂ ಹೊರತಾದ ಐದನೆಯ ಬಗೆಯ ಅರಿವೊಂದುಂಟು. ನಟನನ್ನು ನೋಡಿ ರಾಮನೆನ್ನುವುದೂ ಅದರಿಂದಲೇ. ಶಂಕುಕನ ಅನುಕರಣವಾದವನ್ನು ಅಭಿನವಗುಪ್ತನು ಒಪ್ಪಲಿಲ್ಲವೆಂಬುದು ನಿಜ. ಆದರೂ ಪ್ರಕೃತ ಪ್ರಶ್ನೆಗೆ ಬೇಕಾದಷ್ಟು ಬೆಳಕು ಈ ನ್ಯಾಯದಲ್ಲಿದೆ. ಹಗ್ಗವು ಹಾವಲ್ಲವೆಂದು ತಿಳಿದೊಡನೆ ಹೆದರಿಕೆಯು ಹೋಗುತ್ತದೆ. ಕಿರೀಟವು ಅರಗಿನದೆಂದು ತಿಳಿದಿದ್ದರೂ ದುರ್ಯೋಧನನ ಊರುಭಂಗದಲ್ಲಿ ಪ್ರೇಕ್ಷಕನ ಕಣ್ಣು ತೇವವಾಗುತ್ತದೆ. ತಿಳಿದಮೇಲೂ ಉಳಿಯುವುದು ಭ್ರಮೆಯಲ್ಲ.

ಮೋಸವೆಂದರೇನೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮಾಡುವವನು ತಿಳಿದಿದ್ದು ನೋಡುವವನು ತಿಳಿಯದೆ ಇರಬೇಕು. ತಿಳಿಯದುದರಿಂದ ಅವನಿಗೆ ಕೇಡಾಗಬೇಕು. ಮಹಾಭಾರತದಲ್ಲಿ ಇದಕ್ಕೆ ಅರಗಿನ ಮನೆಗಿಂತ ಬೇರೆ ನಿದರ್ಶನವು ಬೇಕಿಲ್ಲ. ವಾರಣಾವತದಲ್ಲಿ ಪುರೋಚನನು ಪಾಂಡವರಿಗಾಗಿ ಕಟ್ಟಿಸಿದ ಮನೆಯು ನೋಡಲು ಅರಮನೆ, ಒಳಗೆ ಅರಗು. ವಿದುರನು ಗುಟ್ಟಾಗಿ ಎಚ್ಚರಿಸದಿದ್ದರೆ ಅಲ್ಲಿಗೇ ಕಥೆಯು ಮುಗಿಯುತ್ತಿತ್ತು. ಆ ಮನೆಯನ್ನು ಕಟ್ಟಿಸಲು ಒಪ್ಪಿದ ದುರ್ಯೋಧನನ ಪಾತ್ರಧಾರಿಯು ಇಂದು ಹಳ್ಳಿಯ ರಂಗದಲ್ಲಿ ಅರಗಿನ ಕಿರೀಟವನ್ನು ಧರಿಸಿ ನಿಲ್ಲುತ್ತಾನೆ. ದ್ರವ್ಯವು ಒಂದೇ, ಕೆಲಸವೂ ಹೆಚ್ಚು ಕಡಮೆ ಒಂದೇ. ಮನೆಯಲ್ಲಿದ್ದವರಿಗೆ ಅರಗೆಂಬುದನ್ನು ಬಚ್ಚಿಟ್ಟಿದ್ದರು. ಕಿರೀಟವನ್ನು ನೋಡುವ ಸಾವಿರ ಮಂದಿಗೂ ಅದು ಚಿನ್ನವಲ್ಲವೆಂದು ಗೊತ್ತು. ಮನೆಯು ಒಳಗಿದ್ದವರನ್ನು ಸುಡಬೇಕೆಂದು ಆದದ್ದು. ಕಿರೀಟವು ಹೊತ್ತವನಿಗೆ ನೋವಾಗಬಾರದೆಂದು ಆದದ್ದು. ಶಾಲೆಯ ಮಕ್ಕಳಿಗೆ ಕಲಿಸಬೇಕಾದ ವ್ಯತ್ಯಾಸವು ಇದೇ. ಇದನ್ನು ಬಾಯಿಮಾತಿನಿಂದ ಹೇಳುವುದಕ್ಕಿಂತ ಕೈಗೆ ಅರಗು ಬಿದಿರುಗಳನ್ನು ಕೊಟ್ಟು ತೋರಿಸುವುದು ಸುಲಭ.

ಹೇಗೆಂದರೆ, ಒಂದು ಕಿರೀಟವನ್ನು ಮಾಡುವ ಕ್ರಮವನ್ನೇ ನೋಡಬಹುದು. ಮೊದಲು ಧರಿಸುವವನ ತಲೆಯ ಸುತ್ತಳತೆಯನ್ನು ದಾರದಿಂದ ತೆಗೆದುಕೊಳ್ಳಬೇಕು. ಊರಿನಲ್ಲಿ ಬೀದಿಗೊಂದು ಜಾತಿಯಿದ್ದರೂ ಇಲ್ಲಿ ಒಬ್ಬನ ತಲೆಯನ್ನು ಇನ್ನೊಬ್ಬನು ಮುಟ್ಟದೆ ಕೆಲಸವು ಮೊದಲಾಗುವುದೇ ಇಲ್ಲ. ಬಳಿಕ ಬಿದಿರಿನ ಸೀಳುಗಳಿಂದ ಬಳೆಯನ್ನೂ ಕಮಾನುಗಳನ್ನೂ ಕಟ್ಟಬೇಕು. ಹಳೆಯ ಕಾಗದವನ್ನು ಹುಣಿಸೆಬೀಜದ ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಹಚ್ಚಬೇಕು. ಒಂದು ಪದರವು ಒಣಗುವ ಮೊದಲು ಇನ್ನೊಂದನ್ನು ಹಚ್ಚಿದರೆ ಒಳಗೆ ಬೂಷ್ಟು ಹಿಡಿಯುತ್ತದೆ, ಆಕಾರವು ಸೊಟ್ಟಗಾಗುತ್ತದೆ. ತಾಳ್ಮೆಯೆಂಬ ಗುಣವನ್ನು ಕುರಿತು ಹತ್ತು ನೀತಿಪದ್ಯಗಳನ್ನು ಬಾಯಿಪಾಠ ಮಾಡಿಸಿದರೂ ಬಾರದ ತಿಳಿವಳಿಕೆಯು ಒಂದು ಸೊಟ್ಟ ಕಿರೀಟದಿಂದ ಬರುತ್ತದೆ. ಆಮೇಲೆ ಬಣ್ಣ, ತಗಡು, ಗಾಜಿನ ಚೂರು, ತುದಿಗೆ ಚರಕಿಯಲ್ಲಿ ಕಡೆದ ಮರದ ಕಲಶ. ರಾಮನಗರದ ಕಡೆ ಬೇಕಾದಷ್ಟು ಸಿಕ್ಕುವ ಒಡೆದ ರೇಷ್ಮೆಗೂಡುಗಳನ್ನು ಕತ್ತರಿಸಿ ಪೋಣಿಸಿದರೆ ಹೂವಿನ ಮಾಲೆಯೂ ಆದೀತು.

ಇಷ್ಟಾದ ಮೇಲೆ ಮಗುವು ಕೆಲಸ ಮುಗಿಯಿತೆನ್ನುತ್ತದೆ. ಒಳ್ಳೆಯ ಉಪಾಧ್ಯಾಯನು ಆಗ ಕಿರೀಟವನ್ನು ಮಗುಚಿ ಒಳಭಾಗವನ್ನು ನೋಡುತ್ತಾನೆ. ತಂತಿಯ ತುದಿಯು ಚಾಚಿಕೊಂಡಿದೆಯೆ? ಬಿದಿರಿನ ಸಿಬಿರು ಹಣೆಗೆ ಚುಚ್ಚುವುದೆ? ಬೆವರು ಇಳಿದರೆ ಬಣ್ಣವು ಕಣ್ಣಿಗೆ ಹರಿಯುವುದೆ? ದೀಪದ ಬಳಿ ನಿಂತರೆ ಅರಗು ಮೆತ್ತಗಾಗುವುದೆ, ಕಾಗದಕ್ಕೆ ಕಿಡಿ ಹತ್ತುವುದೆ? ಕಿರೀಟದ ಹೊರಗು ನೋಡುವವನಿಗೆ, ಒಳಗು ಹೊರುವವನಿಗೆ. ಹೊರಗಿನ ಲೋಪವನ್ನು ದೂರವೂ ದೀಪವೂ ಮುಚ್ಚಬಲ್ಲುವು. ಒಳಗಿನ ಲೋಪವನ್ನು ಮುಚ್ಚುವುದು ಯಾವುದೂ ಇಲ್ಲ. ಯಾರೂ ಕಾಣದ ಕಡೆಯಲ್ಲಿ ಕೆಲಸವನ್ನು ಚೊಕ್ಕಟವಾಗಿ ಮಾಡುವುದು ಪ್ರಾಮಾಣಿಕತೆಯಲ್ಲದೆ ಮತ್ತೇನು? ಹುಸಿಯ ಕೆಲಸವೆಂದು ನಿಂದೆಗೊಳಗಾದ ಈ ವಿದ್ಯೆಯಲ್ಲಿಯೇ ನಿಜದ ಪರೀಕ್ಷೆಯು ಇಷ್ಟು ಕಟ್ಟುನಿಟ್ಟಾಗಿ ನಡೆಯುತ್ತದೆ.

ಈ ಒಳಭಾಗವನ್ನು ನೋಡುವ ಅಭ್ಯಾಸಕ್ಕೆ ರಾಮನಗರದ ಬಳಿಯ ಜಾನಪದ ಲೋಕವು ಸಹಾಯಕವಾಗಬಲ್ಲುದು. ಎಚ್. ಎಲ್. ನಾಗೇಗೌಡರು ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ಅದರ ಮೂಲಕ ೧೫ ಎಕರೆ ನೆಲದಲ್ಲಿ ಕಟ್ಟಿದ ಈ ಸಂಗ್ರಹಾಲಯವು ೧೯೯೪ರಲ್ಲಿ ಜನರಿಗೆ ತೆರೆಯಿತು. ತೊಗಲುಬೊಂಬೆ, ಸೂತ್ರದ ಬೊಂಬೆ, ಕುಣಿತದ ವೇಷಭೂಷಣ ಮೊದಲಾದುವನ್ನು ಅಲ್ಲಿ ನೋಡುವ ಮಗುವು ಚಂದವನ್ನು ಮೆಚ್ಚಿ ಮುಂದೆ ಹೋಗದೆ, ಕೀಲು ಎಲ್ಲಿದೆ, ದಾರವನ್ನು ಎಲ್ಲಿ ಕಟ್ಟಿದೆ, ತೂಕವು ಯಾವ ಕಡೆ ಬೀಳುತ್ತದೆ ಎಂದು ಕೇಳತೊಡಗಿದರೆ ಅದೇ ಒಂದು ಪಾಠ. ಈ ಸೀಮೆಯ ಪೂಜಾಕುಣಿತದಲ್ಲಿ ಬಿದಿರಿನ ಚೌಕಟ್ಟಿನ ಮೇಲೆ ದೇವಿಯನ್ನು ಅಲಂಕರಿಸಿ ತಲೆಯ ಮೇಲೆ ಹೊತ್ತು ಕುಣಿಯುವವನ ಸಮತೋಲವನ್ನು ಕಂಡವರಿಗೆ ಕಟ್ಟಿದವನ ಕೈಯ ಮಹಿಮೆಯು ತಿಳಿದೀತು. ಆದರೆ ಅದು ಪೂಜೆ. ಅದನ್ನು ರಂಗಪರಿಕರವೆಂದು ಎಣಿಸಬಾರದು. ಯಾವುದು ಆಟದ್ದು, ಯಾವುದು ಆರಾಧನೆಯದು ಎಂಬ ವಿವೇಕವನ್ನೂ ಮಕ್ಕಳಿಗೆ ಹೇಳಿಕೊಡಬೇಕಾದುದೇ.

ಶೂದ್ರಕನ ನಾಟಕವೊಂದಕ್ಕೆ ಹೆಸರು ಬಂದಿರುವುದು ಒಂದು ಆಟದ ಸಾಮಾನಿನಿಂದ. ನೆರೆಮನೆಯ ಹುಡುಗನ ಚಿನ್ನದ ಬಂಡಿಯನ್ನು ಕಂಡ ಚಾರುದತ್ತನ ಮಗನು ತನಗೆ ಸಿಕ್ಕ ಮಣ್ಣಿನ ಬಂಡಿಯು ಬೇಡವೆಂದು ಅಳುತ್ತಾನೆ. ಕನಿಕರಗೊಂಡ ವಸಂತಸೇನೆಯು ತನ್ನ ಒಡವೆಗಳನ್ನು ಆ ಬಂಡಿಗೆ ತುಂಬಿ, ಚಿನ್ನದ ಬಂಡಿಯನ್ನು ಮಾಡಿಸಿಕೋ ಎನ್ನುತ್ತಾಳೆ. ಅದೇ ಒಡವೆಗಳು ಮುಂದೆ ನ್ಯಾಯಸ್ಥಾನದಲ್ಲಿ ಮೈತ್ರೇಯನ ಕಂಕುಳಿಂದ ಬಿದ್ದು, ನಿರಪರಾಧಿಯಾದ ಚಾರುದತ್ತನನ್ನು ವಧ್ಯಸ್ಥಾನದವರೆಗೆ ಒಯ್ಯುತ್ತವೆ. ಮಣ್ಣಿನ ಬಂಡಿಯಿಂದ ಯಾರಿಗೂ ಕೇಡಾಗಲಿಲ್ಲ. ಅದರೊಳಗೆ ನಿಜವಾದ ಚಿನ್ನವು ಬಿದ್ದಮೇಲೆ ಅನರ್ಥವು ಮೊದಲಾಯಿತು. ಮಕ್ಕಳಿಗೆ ಮಣ್ಣನ್ನು ಮಣ್ಣೆಂದೇ ಪ್ರೀತಿಸಲು ಕಲಿಸಿದ್ದರೆ ಆ ಅಳುವೇ ಇರುತ್ತಿರಲಿಲ್ಲ. ತನ್ನ ಕೈಯಿಂದ ಬಂಡಿಯನ್ನು ಮಾಡಿದ ಹುಡುಗನು ಅದಕ್ಕೆ ಬದಲಾಗಿ ಚಿನ್ನದ್ದನ್ನು ಕೇಳುವುದು ಅಪರೂಪ.

ಆದರೆ ಈ ವಿದ್ಯೆಗೆ ಮಿತಿಯಿಲ್ಲವೆಂದಲ್ಲ. ರಂಗದಿಂದ ಚಲನಚಿತ್ರದವರೆಗೆ ದೃಷ್ಟಿಯನ್ನು ಹಾಯಿಸಿದರೆ ಇದಕ್ಕೆ ನಿದರ್ಶನಗಳು ಈ ಜಿಲ್ಲೆಯ ಬೆಟ್ಟಗಳಲ್ಲಿಯೇ ಇವೆ. ೧೯೭೫ರಲ್ಲಿ ತೆರೆಕಂಡ ಶೋಲೆ ಚಿತ್ರಕ್ಕಾಗಿ ರಾಮದೇವರ ಬೆಟ್ಟದ ತಪ್ಪಲಿನಲ್ಲಿ ಒಂದು ಇಡೀ ಹಳ್ಳಿಯನ್ನೇ ಹುಸಿಯಾಗಿ ನಿರ್ಮಿಸಿದ್ದರು. ಚಿತ್ರವು ಮುಗಿಯಿತು, ಹಳ್ಳಿಯು ಹೋಯಿತು. ಇದು ಪರಿಕರದ ಧರ್ಮ. ೧೯೮೪ರ ಎ ಪ್ಯಾಸೇಜ್ ಟು ಇಂಡಿಯಾ ಚಿತ್ರಕ್ಕಾಗಿ ಡೇವಿಡ್ ಲೀನರ ತಂಡವು ರಾಮದೇವರ ಬೆಟ್ಟ ಮತ್ತು ಮಾಗಡಿ ಸೀಮೆಯ ಸಾವನದುರ್ಗಗಳಲ್ಲಿ ಕೆಲಸ ಮಾಡಿ, ಗುಹೆಗಳ ಬಾಯಿಗಳನ್ನು ಬಂಡೆಯಲ್ಲಿಯೇ ಕೊರೆಯಿತು. ಕಲ್ಲಿಗೆ ಬಿದ್ದ ಪೆಟ್ಟು ಚಿತ್ರ ಮುಗಿದೊಡನೆ ಮಾಯುವುದಿಲ್ಲ. ಹುಸಿಗಾಗಿ ನಿಜವನ್ನು ಕೆಡಿಸಬಾರದೆಂಬುದು ಇದರಿಂದ ಕಲಿಯಬೇಕಾದ ಮೊದಲನೆಯ ಮಿತಿ. ೨೦೧೨ರಲ್ಲಿ ರಣಹದ್ದುಗಳ ರಕ್ಷಣೆಗಾಗಿ ರಾಮದೇವರ ಬೆಟ್ಟವನ್ನು ಅಭಯಧಾಮವೆಂದು ಸಾರಿದ್ದಾರೆ. ಹಕ್ಕಿಯ ಗೂಡನ್ನು ಕದಡಿ ತಂದ ಗರಿಯಿಂದ ಗರುಡನ ವೇಷವನ್ನು ಕಟ್ಟಿದರೆ ಆ ಗರುಡನಿಗೆ ಯಾವ ಶೋಭೆ? ಕಾಗದದ ಗರಿಯೇ ಅಲ್ಲಿ ಶ್ರೇಷ್ಠ.

ನಿಜದ್ದನ್ನೇ ರಂಗಕ್ಕೆ ತಂದರೆ ನಾಟಕವು ಹೆಚ್ಚು ಸತ್ಯವಾಗುವುದೆಂಬ ಭಾವನೆಯೂ ಸರಿಯಲ್ಲ. ೧೮೮೪ರಲ್ಲಿ ಹುಟ್ಟಿದ ಗುಬ್ಬಿಯ ನಾಟಕ ಸಂಘವು ವೀರಣ್ಣನವರ ಕಾಲದಲ್ಲಿ, ೧೯೩೦ರ ದಶಕದಲ್ಲಿ, ಕುರುಕ್ಷೇತ್ರ ನಾಟಕಕ್ಕೆ ಜೀವಂತವಾದ ಆನೆ ಕುದುರೆಗಳನ್ನು ತಂದು ಜನರನ್ನು ಬೆರಗುಗೊಳಿಸಿತು. ಆ ಸಾಹಸವು ಕೊಂಡಾಡತಕ್ಕದ್ದೇ. ಆದರೂ ಆನೆಯು ನಿಜವಾದುದೆಂಬ ಕಾರಣದಿಂದ ಅದರ ಪಕ್ಕದಲ್ಲಿ ನಿಂತ ನಟನು ನಿಜವಾದ ಭೀಮನಾಗುವುದಿಲ್ಲ. ನಾಟಕದ ಸತ್ಯವು ಬೇರೆಲ್ಲಿಯೋ ಇದೆ. ಬಿದಿರಿನ ಆನೆಯಿಂದಲೂ ಅದು ಸಿದ್ಧಿಸೀತು.

ಎರಡನೆಯ ಮಿತಿಯು ಮನೆಮನೆಯ ತಂದೆತಾಯಿಗಳು ಕೇಳಬೇಕಾದ ಮಾತು. ಶಾಲೆಯ ವಾರ್ಷಿಕೋತ್ಸವಕ್ಕೆ ಮಗುವು ಕಿರೀಟವನ್ನೋ ರಥವನ್ನೋ ಮಾಡಿತರಬೇಕೆಂದು ಹೇಳಿದಾಗ ನಡೆಯುವುದೇನು? ಅಂಗಡಿಯಿಂದ ಕೊಳ್ಳುತ್ತಾರೆ, ಇಲ್ಲವೆ ತಂದೆಯು ರಾತ್ರಿಯೆಲ್ಲ ಕುಳಿತು ಮಾಡಿಕೊಡುತ್ತಾನೆ. ಮಗುವು ತಾನೇ ಮಾಡಿದೆನೆಂದು ಒಪ್ಪಿಸುತ್ತದೆ; ಉಪಾಧ್ಯಾಯನು ಗೊತ್ತಿದ್ದೂ ಹೊಗಳುತ್ತಾನೆ; ಬಹುಮಾನವೂ ಬರುತ್ತದೆ. ಆರಂಭದಲ್ಲಿ ಕೇಳಿದ ಅನೃತವೆಂಬ ಆಕ್ಷೇಪವು ನಿಜವಾಗಿ ಸಲ್ಲತಕ್ಕದ್ದು ಇಲ್ಲಿ. ಅಂಗಡಿಯ ಕಿರೀಟವು ಎಷ್ಟು ಚೆಲುವಾಗಿದ್ದರೂ ಆ ಮಗುವಿನ ಕೈಯಲ್ಲಿ ಅದು ಸುಳ್ಳು; ಸ್ವಂತ ಕೈಯಿಂದಾದ ಕಿರೀಟವು ಎಷ್ಟು ಸೊಟ್ಟಗಿದ್ದರೂ ಸತ್ಯ. ತಗಡನ್ನು ಚಿನ್ನವೆಂದು ತೋರಿಸಿದ್ದರಿಂದ ಮಗುವು ಕೆಡಲಿಲ್ಲ. ಇನ್ನೊಬ್ಬರ ಶ್ರಮವನ್ನು ತನ್ನದೆಂದು ತೋರಿಸಲು ಹಿರಿಯರೇ ಕಲಿಸಿದ್ದರಿಂದ ಕೆಟ್ಟಿತು.

ಇನ್ನು ಕಾಲಹರಣವೆಂಬ ಮೊದಲನೆಯ ಆಕ್ಷೇಪ. ೧೯೩೭ರಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನದಲ್ಲಿ ಮಹಾತ್ಮಾ ಗಾಂಧಿಯವರು ಕೈಕೆಲಸದ ಮೂಲಕವೇ ವಿದ್ಯೆಯು ನಡೆಯಬೇಕೆಂದು ಪ್ರತಿಪಾದಿಸಿದರು. ಅಂದಿನಿಂದ ಆ ಮಾತನ್ನು ಸಭೆಗಳಲ್ಲಿ ಒಪ್ಪುವುದೂ ಮನೆಗಳಲ್ಲಿ ಮರೆಯುವುದೂ ರೂಢಿಯಾಗಿದೆ. ಕೈಕೆಲಸವು ಒಳ್ಳೆಯದೆನ್ನುವ ಗೃಹಸ್ಥನು ಅದು ಬೇರೆಯವರ ಮಕ್ಕಳಿಗೆ ಒಳ್ಳೆಯದೆಂದು ಮನಸ್ಸಿನಲ್ಲಿ ತಿಳಿದಿರುತ್ತಾನೆ. ಇದರಿಂದ ಕುಶಲಕರ್ಮಿಯ ಮಗನಿಗೂ ತನ್ನ ತಂದೆಯ ಚರಕಿಯು ಅವಮಾನದ ಗುರುತಾಗಿ ಕಾಣತೊಡಗುತ್ತದೆ. ಶಾಲೆಯಲ್ಲಿ ಎಲ್ಲ ಮನೆಗಳ ಮಕ್ಕಳೂ ಒಂದೇ ಬಿದಿರನ್ನು ಸೀಳಿ, ಕಡೆಯುವುದು ಹೇಗೆಂದು ಆ ತಂದೆಯನ್ನೇ ಗುರುವಾಗಿ ಕರೆಸಿ ಕೇಳಿದ ದಿನ, ಆ ಹುಡುಗನು ತಲೆಯೆತ್ತಿ ನೋಡುತ್ತಾನೆ. ಇದನ್ನು ಯಾವ ಪರೀಕ್ಷೆಯ ಅಂಕವೂ ಕೊಡಲಾರದು. ಅಳತೆ, ಪ್ರಮಾಣ, ತೂಕ, ಬಣ್ಣಗಳ ಬೆರಕೆ ಮೊದಲಾದ ಪಾಠಗಳು ಹೇಗೂ ಜೊತೆಗೆ ಬರುವುವು. ಅವಕ್ಕಾಗಿ ಬೇರೆ ಕಾಲವು ಬೇಕಾಗಿಲ್ಲ.

ಈ ವಿದ್ಯೆಯ ಕೊನೆಯ ಪಾಠವು ಆಟ ಮುಗಿದ ಮೇಲೆ ನಡೆಯುತ್ತದೆ. ಗದೆಯನ್ನು ಒರಸಿ ಮೂಲೆಗಿಡುವುದು, ಕಿರೀಟವನ್ನು ತೆಗೆದು ಗೂಟಕ್ಕೆ ಹಾಕುವುದು, ಮುರಿದುದನ್ನು ಮುಂದಿನ ವರ್ಷಕ್ಕಾಗಿ ಸರಿಪಡಿಸುವುದು. ಕಿರೀಟವನ್ನು ಮಾಡಿದ ಹುಡುಗನಿಗೆ ಅದರ ತೂಕವೆಷ್ಟು, ಬೆಲೆಯೆಷ್ಟು, ಹೊಳಪು ಎಲ್ಲಿಂದ ಬಂತು ಎಂಬುದೆಲ್ಲ ಗೊತ್ತು. ಮುಂದೆ ಲೋಕದಲ್ಲಿ ಯಾರ ತಲೆಯ ಮೇಲಾದರೂ ಅಂತಹುದೇ ಹೊಳಪನ್ನು ಕಂಡರೆ ಅವನು ಒಂದು ಗಳಿಗೆ ತಡೆದು, ಒಳಗು ಹೇಗಿದೆಯೆಂದು ವಿಚಾರಿಸಿಯಾನು. ತಾನೇ ಎಂದಾದರೂ ಅಧಿಕಾರದಲ್ಲಿ ಕುಳಿತರೆ, ಅದನ್ನು ಇಳಿಸಬೇಕಾದ ಹೊತ್ತು ಬಂದಾಗ ಅಳುಕದೆ ಇಳಿಸಿಯಾನು. ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳು ವರ್ಷಕ್ಕೆ ಒಂದು ನಾಟಕವನ್ನಾದರೂ ಬಾಡಿಗೆಯ ಲಾರಿಯಿಲ್ಲದೆ, ಮಕ್ಕಳ ಕೈಯ ಕಿರೀಟಗಳಿಂದಲೇ ಆಡಿಸಿ ನೋಡಬಹುದು. ಕಿರೀಟಗಳು ಕೊಂಚ ಸೊಟ್ಟಗಿದ್ದರೂ ಚಿಂತೆಯಿಲ್ಲ; ಒಳಭಾಗವು ಮಾತ್ರ ನುಣುಪಾಗಿರಲಿ.